ಹೀಬ್ರೂ ಅಂಕಿತನಾಮಗಳೂ ಅನ್ಯಭಾಷಿಕರ ಉಚ್ಚಾರಣೆಯೂ: ಒಂದು ಚಾರಿತ್ರಿಕ ಸಮೀಕ್ಷೆ

೧

ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮವೆಂದು ವಿಂಗಡಿಸುವುದು ನಮ್ಮ ವ್ಯಾಕರಣಸಂಪ್ರದಾಯದಲ್ಲಿ ಸುವಿದಿತವಾದ ಕ್ರಮ. ಇವುಗಳ ಪೈಕಿ ಮೊದಲ ಎರಡು ಬಗೆಯ ಶಬ್ದಗಳು ಜನಸಮುದಾಯದ ಬಳಕೆಯಲ್ಲಿ ತಾವಾಗಿಯೇ ನೆಲೆಗೊಳ್ಳತಕ್ಕವು. ಅಂಕಿತನಾಮದ ಸ್ಥಿತಿ ಬೇರೆ. ಅದನ್ನು ಇಡುವವರು ತಾಯಿತಂದೆಗಳು, ಹೊರುವುದು ಕೂಸು, ನಾಲಗೆಯ ಮೇಲೆ ಆಡಿಸುವವರು ಉಳಿದವರೆಲ್ಲರೂ. ಈ ಮೂವರ ನುಡಿಯೂ ಒಂದೇ ಆಗಿರುವಲ್ಲಿ ತೊಡಕೇನೂ ಇಲ್ಲ. ಇಡುವವರ ನುಡಿ ಒಂದು, ಕರೆಯುವವರ ನುಡಿ ಇನ್ನೊಂದು ಆದಾಗ ಮಾತ್ರ ಹೆಸರಿನ ಆಯ್ಕೆ ಒಂದು ಸಮಸ್ಯೆಯಾಗಿ ಪರಿಣಮಿಸುತ್ತದೆ.

ಈ ಸಮಸ್ಯೆಯನ್ನು ಯೆಹೂದ್ಯರಷ್ಟು ದೀರ್ಘಕಾಲ ಅನುಭವಿಸಿದ ಜನ ವಿರಳ. ಕ್ರಿ.ಪೂ. ೬ನೆಯ ಶತಮಾನದಲ್ಲಿ ಬ್ಯಾಬಿಲೋನಿಗೆ ಸೆರೆಯಾಗಿ ಹೋದಂದಿನಿಂದ ಅವರಲ್ಲಿ ಬಹುಸಂಖ್ಯಾತರು ಅನ್ಯಭಾಷೆಗಳ ನಡುವೆಯೇ ಬಾಳಿದರು. ಅರಮಾಯಿಕ್, ಗ್ರೀಕ್, ಅರಬ್ಬಿ, ಸ್ಪ್ಯಾನಿಷ್, ಜರ್ಮನ್, ಮರಾಠಿ, ಇಂಗ್ಲಿಷ್ ಮೊದಲಾದ ನುಡಿಗಳನ್ನು ಆಡುವ ನೆರೆಹೊರೆಯವರು ಅವರ ಮಕ್ಕಳ ಹೆಸರುಗಳನ್ನು ತಮತಮಗೆ ಬಂದಂತೆ ಉಚ್ಚರಿಸಿದರು. ಇಂದಿಗೂ ಜೆರೂಸಲೇಮಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಮಗುವಿಗೆ ಹೀಬ್ರೂ ಹೆಸರನ್ನು ಇಡಹೊರಟ ದಂಪತಿಗಳು, ಇದು ನಮ್ಮದಾಗಿಯೂ ಇರಬೇಕು, ಪರರ ಬಾಯಲ್ಲಿ ಕೆಡದೆಯೂ ಇರಬೇಕು ಎಂದು ಬಯಸುವುದುಂಟು. ಈ ಬಯಕೆ ನಿನ್ನೆ ಮೊನ್ನೆಯದಲ್ಲವೆಂಬುದನ್ನೂ, ಇದಕ್ಕೆ ಬೇರೆ ಬೇರೆ ಕಾಲಗಳಲ್ಲಿ ಯಾವ ಯಾವ ಪರಿಹಾರಗಳನ್ನು ಕಂಡುಕೊಳ್ಳಲಾಯಿತೆಂಬುದನ್ನೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಧ್ವನಿಗಳ ವಿಚಾರ. ಹೀಬ್ರೂ ಲಿಪಿಯಲ್ಲಿ ೨೨ ಅಕ್ಷರಗಳಿವೆ, ಎಲ್ಲವೂ ವ್ಯಂಜನಗಳು. ಕೆಲವು ವ್ಯಂಜನಗಳೇ ಅಲ್ಲಲ್ಲಿ ದೀರ್ಘಸ್ವರಗಳನ್ನು ಸೂಚಿಸುವುದನ್ನು ಬಿಟ್ಟರೆ, ಸ್ವರಗಳಿಗೆ ಪ್ರತ್ಯೇಕ ಚಿಹ್ನೆಗಳು ಕ್ರಿಸ್ತಶಕದ ಮೊದಲ ಸಹಸ್ರಮಾನದ ಉತ್ತರಾರ್ಧದಲ್ಲಿ ಏರ್ಪಟ್ಟುವು. ವ್ಯಂಜನಗಳಲ್ಲಿ ಪರರಿಗೆ ಎಡರನ್ನೊಡ್ಡುವವು ಮುಖ್ಯವಾಗಿ ನಾಲ್ಕು. 'ಹೆತ್' ಎಂಬುದು ಗಂಟಲಿನಲ್ಲಿ ಉಜ್ಜಿ ಹುಟ್ಟುವ ಹಕಾರ. ನಮ್ಮ ಕಿವಿಗೆ ಅದು ಒಮ್ಮೆ ಹಕಾರದಂತೆ, ಒಮ್ಮೆ ಖಕಾರದಂತೆ ಕೇಳುತ್ತದೆ. 'ಅಯಿನ್' ಎಂಬುದು ಗಂಟಲನ್ನು ಬಿಗಿದು ಹೊರಡಿಸುವ ಧ್ವನಿ. ಕನ್ನಡದಲ್ಲಿ ಅದಕ್ಕೆ ಸಮಾನವಾದುದಿಲ್ಲ. 'ತ್ಸಾದೆ' ಎಂಬುದನ್ನು ಇಂದು 'ತ್ಸ' ಎಂದು ಉಚ್ಚರಿಸುತ್ತಾರೆ. 'ಶಿನ್' ನಮಗೆ ಸುಲಭವಾದ ಶಕಾರವೇ. ಆದರೆ ಗ್ರೀಕರಿಗೆ ಅದು ಅಸಾಧ್ಯವಾಗಿತ್ತು.

ಹೀಬ್ರೂ ಹೆಸರುಗಳಲ್ಲಿ ಧ್ವನಿ ಕೆಟ್ಟರೆ ಅರ್ಥವೂ ಕೆಡುತ್ತದೆ. ಅವುಗಳಲ್ಲಿ ಅನೇಕವು ಒಂದೊಂದು ಕಿರುವಾಕ್ಯಗಳು. 'ನೆತನೆಲ್' ಎಂದರೆ ದೇವರು ಕೊಟ್ಟನು. 'ಯೋಹಾನಾನ್' ಎಂದರೆ ದೇವರು ಕೃಪೆ ತೋರಿದನು. 'ಯಿತ್ಸ್‌ಹಾಕ್' ಎಂದರೆ ನಗುತ್ತಾನೆ. ಮುಪ್ಪಿನಲ್ಲಿ ಮಗುವಾಗುವುದೆಂಬ ಮಾತನ್ನು ಕೇಳಿ ಸಾರಳು ನಕ್ಕಳೆಂಬ ಕಥೆಗೆ ಈ ಹೆಸರು ಹೊಂದಿಕೊಂಡಿದೆ. ಗ್ರೀಕಿನ ಮೂಲಕ ಹಾದು ನಮ್ಮಲ್ಲಿಗೆ ಬಂದ 'ಇಸಾಕ' ಎಂಬ ರೂಪದಲ್ಲಿ ವ್ಯಕ್ತಿ ಉಳಿದಿದ್ದಾನೆ, ನಗು ಉಳಿದಿಲ್ಲ.

ಉಚ್ಚಾರಣೆಯ ಒಂದು ಸೂಕ್ಷ್ಮಭೇದ ಪ್ರಾಣಕ್ಕೇ ಎರವಾಗಬಹುದೆಂಬುದಕ್ಕೆ ಹೀಬ್ರೂ ಬೈಬಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿಯೇ ಒಂದು ನಿದರ್ಶನವುಂಟು. ಗಿಲ್ಯಾದಿನವರು ಯೊರ್ದನ್ ನದಿಯ ಹಾಯ್ಗಡಗಳನ್ನು ಹಿಡಿದು, ದಾಟಬಂದವರಿಂದ 'ಶಿಬ್ಬೋಲೆತ್' ಎಂಬ ಪದವನ್ನು ನುಡಿಸಿದರೆಂದೂ, ಶಕಾರ ಬಾರದೆ 'ಸಿಬ್ಬೋಲೆತ್' ಎಂದವರನ್ನು ಎಫ್ರಾಯೀಮ್ಯರೆಂದು ಗುರುತಿಸಿ ಕೊಂದರೆಂದೂ ಅಲ್ಲಿ ಹೇಳಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹಾಗೆ ಸಿಕ್ಕಿಬಿದ್ದವರು ಪರದೇಶಿಗಳಲ್ಲ. ಅದೇ ಇಸ್ರಾಯೇಲರ ಇನ್ನೊಂದು ಕುಲದವರು. 'ಹೊರಗಿನವರು' ಎಂಬ ಶಬ್ದದ ವ್ಯಾಪ್ತಿ ಸ್ಥಿರವಾದುದಲ್ಲ. ಇತ್ತೀಚಿನ ಶತಮಾನಗಳಲ್ಲಿಯೂ ಪೂರ್ವಯೂರೋಪಿನ ಯೆಹೂದ್ಯರು 'ಮೊಯ್ಶೆ' ಎಂದು ಕರೆದವನನ್ನು ಸ್ಪೇನ್ ಮೂಲದವರು 'ಮೋಶೆ' ಎಂದು ಕರೆದರು. ಯೆಮೆನಿನವರು ಶುದ್ಧವಾಗಿ ಉಳಿಸಿಕೊಂಡಿದ್ದ ಹೆತ್ ಮತ್ತು ಅಯಿನ್‌ಗಳನ್ನು ಯೂರೋಪಿನವರು ಬಹಳ ಹಿಂದೆಯೇ ಕಳೆದುಕೊಂಡಿದ್ದರು. ಆದಕಾರಣ, ಪರರು ತಪ್ಪಾಗಿ ಉಚ್ಚರಿಸುತ್ತಾರೆಂಬ ದೂರನ್ನು ಒಪ್ಪುವ ಮೊದಲು, ಒಳಗಿನವರಲ್ಲಿಯೇ ಒಮ್ಮತವಿರಲಿಲ್ಲವೆಂಬುದನ್ನು ನೆನಪಿಡಬೇಕು.

೩

ಕ್ರಿ.ಪೂ. ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಬೈಬಲಿನ ಗ್ರೀಕ್ ಭಾಷಾಂತರ ಆರಂಭವಾಯಿತು. ಹೀಬ್ರೂ ಹೆಸರುಗಳನ್ನು ವ್ಯಾಪಕವಾಗಿ ಪರಭಾಷೆಗೆ ಒಗ್ಗಿಸಿದ ಮೊದಲ ಮಹಾಪ್ರಯತ್ನವೆಂದು ಇದನ್ನು ಎಣಿಸಬಹುದು. ಗ್ರೀಕಿನಲ್ಲಿ ಶಕಾರವಿಲ್ಲ, ಪದಮಧ್ಯದ ಹಕಾರಕ್ಕೆ ಅಕ್ಷರವಿಲ್ಲ, ಪುಲ್ಲಿಂಗನಾಮಗಳಿಗೆ ಸಕಾರಾಂತವೇ ಹಿತ. ಆದ್ದರಿಂದ 'ಮೋಶೆ' 'ಮೋವುಸೇಸ್' ಆಯಿತು. 'ಯೇಶುವ' ಎಂಬುದರಲ್ಲಿ ಶಕಾರ ಸಕಾರವಾಗಿ, ಕೊನೆಯ ಅಯಿನ್ ಲೋಪವಾಗಿ, ಸಕಾರ ಸೇರಿ 'ಯೇಸೂಸ್' ಎಂದಾಯಿತು. 'ಯೋಹಾನಾನ್' 'ಯೋಅನ್ನೇಸ್' ಆಯಿತು. 'ಹನ್ನಾ' 'ಅನ್ನಾ' ಆದಳು. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಇವೆಲ್ಲವೂ ತದ್ಭವಗಳು. ಬ್ರಹ್ಮ ಶಬ್ದ ಬೊಮ್ಮವಾದಂತೆ, ಯಶಸ್ ಶಬ್ದ ಜಸವಾದಂತೆ, ಇಲ್ಲಿಯೂ ಸ್ವೀಕರಿಸಿದ ಭಾಷೆಯ ನಿಯಮಕ್ಕೆ ಹೆಸರು ತಲೆಬಾಗಿತು. ಜಾನ್, ಜುವಾನ್, ಜೀನ್, ಇವಾನ್ ಎಂಬ ಹೆಸರುಗಳೆಲ್ಲ ಒಂದೇ ಯೋಹಾನಾನ್ ಶಬ್ದದ ಸಂತಾನವೆಂದರೆ, ತದ್ಭವಪ್ರಕ್ರಿಯೆಯಿಂದ ಹೆಸರು ಎಷ್ಟು ದೂರ ಸಾಗಬಲ್ಲುದೆಂಬುದು ವಿದಿತವಾಗುತ್ತದೆ.

ಈ ಇಬ್ಬಗೆಯ ಪರಂಪರೆಯನ್ನು ಕನ್ನಡ ವಾಚಕರು ಕನ್ನಡ ಬೈಬಲಿನಲ್ಲಿಯೇ ಕಾಣಬಹುದು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಆರಂಭಿಸಿದ ಭಾಷಾಂತರಪರಂಪರೆಯಲ್ಲಿ ಮೋಶೆ, ಹವ್ವ, ಯೆಹೋಶುವ, ಯೆಶಾಯ ಎಂಬ ರೂಪಗಳು ಹೀಬ್ರೂ ಮೂಲಕ್ಕೆ ಸಮೀಪವಾಗಿವೆ. ಶಕಾರವೂ ಹಕಾರವೂ ನಮ್ಮಲ್ಲಿರುವುದರಿಂದ ಗ್ರೀಕರಿಗಿದ್ದ ಅಡಚಣೆ ಕನ್ನಡಕ್ಕೆ ಇರಲಿಲ್ಲ. ಆದರೆ ಸೊಲೊಮೋನ, ಸಮುವೇಲ, ಇಸಾಕ ಎಂಬಲ್ಲಿ ಪಾಶ್ಚಾತ್ಯರಲ್ಲಿ ಆಗಲೇ ಪ್ರಚುರವಾಗಿದ್ದ ರೂಪಗಳ ಛಾಯೆ ಇದೆ. ಪರಿಣಾಮವಾಗಿ ಹಳೆಯ ಒಡಂಬಡಿಕೆಯ ಮಿರ್ಯಾಮಳೂ ಹೊಸ ಒಡಂಬಡಿಕೆಯ ಮರಿಯಳೂ, ಅಲ್ಲಿಯ ಯೆಹೋಶುವನೂ ಇಲ್ಲಿಯ ಯೇಸುವೂ ಮೂಲತಃ ಒಂದೇ ಹೆಸರಿನವರೆಂಬುದು ಸಾಮಾನ್ಯ ವಾಚಕನಿಗೆ ಹೊಳೆಯುವುದಿಲ್ಲ.

ಭಾಷಾಂತರಕಾರರು ಗ್ರಂಥದೊಳಗೆ ಮಾಡಿದುದನ್ನು ಜನರು ಬಾಳಿನಲ್ಲಿ ಮಾಡಿಕೊಂಡರು. ಕ್ರಿ.ಪೂ. ೧೭೫ರ ಸುಮಾರಿನಲ್ಲಿ ಮಹಾಯಾಜಕನಾದವನ ಹೀಬ್ರೂ ಹೆಸರು ಯೇಶುವ. ಆತ ಗ್ರೀಕರಿಗೆ ಚಿರಪರಿಚಿತವಾದ 'ಯಾಸೋನ್' ಎಂಬ ಹೆಸರನ್ನು ಧರಿಸಿದನು. ಕಿವಿಗೆ ಎರಡೂ ಹತ್ತಿರ, ಅರ್ಥಸಂಬಂಧವಿರಬೇಕಾದುದಿಲ್ಲ. ಗ್ರೀಕ್ ಆಚಾರಗಳ ಹೇರಿಕೆಯನ್ನು ವಿರೋಧಿಸಿ ಎದ್ದ ಹಸ್ಮೋನೀ ಮನೆತನದವರೇ ಎರಡು ಮೂರು ತಲೆಮಾರುಗಳಲ್ಲಿ ಜೋಡಿ ಹೆಸರುಗಳನ್ನು ಅಂಗೀಕರಿಸಿದರೆಂಬುದು ಇನ್ನೂ ಕುತೂಹಲಕರ. ಕ್ರಿ.ಪೂ. ೧೦೩ರಿಂದ ೭೬ರವರೆಗೆ ಆಳಿದ ಅಲೆಕ್ಸಾಂಡರ್ ಯನ್ನಾಯನ ನಾಣ್ಯಗಳಲ್ಲಿ ಒಂದು ಮುಖದ ಮೇಲೆ ಹೀಬ್ರೂವಿನಲ್ಲಿ ಯೆಹೋನಾತಾನನೆಂದೂ ಇನ್ನೊಂದು ಮುಖದ ಮೇಲೆ ಗ್ರೀಕಿನಲ್ಲಿ ಅಲೆಕ್ಸಾಂಡರನೆಂದೂ ರಾಜನಾಮ ಅಂಕಿತವಾಗಿದೆ. ಅಧೀನರಾದವರು ಮಾತ್ರ ಪರರ ಬಾಯಿಗೆ ಹೊಂದುವ ಹೆಸರನ್ನು ಅರಸುತ್ತಾರೆಂಬ ಊಹೆಯನ್ನು ಈ ನಾಣ್ಯಗಳು ಸಮರ್ಥಿಸುವುದಿಲ್ಲ. ಆಳುವವನಿಗೂ ನೆರೆರಾಜ್ಯಗಳೊಡನೆ ವ್ಯವಹರಿಸಲು ಎರಡನೆಯ ಹೆಸರು ಬೇಕಾಗಿತ್ತು.

೪

ಮುಂದಿನ ಶತಮಾನಗಳಲ್ಲಿ ಈ ಜೋಡಿ ಹೆಸರಿನ ಪದ್ಧತಿ ಒಂದು ವ್ಯವಸ್ಥೆಯಾಗಿ ಬೆಳೆಯಿತು. ಈಜಿಪ್ಟಿನಲ್ಲಿದ್ದಾಗ ಪೂರ್ವಿಕರು ತಮ್ಮ ಹೆಸರುಗಳನ್ನು ಬದಲಿಸಲಿಲ್ಲ, ಆದಕಾರಣವೇ ಬಿಡುಗಡೆಗೆ ಪಾತ್ರರಾದರು ಎಂಬ ಅಭಿಪ್ರಾಯ ಮಿದ್ರಾಷ್ ಸಾಹಿತ್ಯದಲ್ಲಿದೆ. ಅದಕ್ಕೆ ಪ್ರತಿಯಾಗಿ, ಹೊರನಾಡುಗಳ ಯೆಹೂದ್ಯರಲ್ಲಿ ಬಹುಮಂದಿಯ ಹೆಸರುಗಳು ಅನ್ಯಜನರ ಹೆಸರುಗಳಂತೆಯೇ ಇವೆಯೆಂಬ ವಾಸ್ತವವನ್ನು ತಾಲ್ಮೂದ್ ಗ್ರಂಥ ನಿರ್ವಿಕಾರವಾಗಿ ದಾಖಲಿಸಿದೆ. ವಿಚ್ಛೇದನಪತ್ರದಲ್ಲಿ ವ್ಯಕ್ತಿಗೆ ಇರುವ ಎಲ್ಲ ಹೆಸರುಗಳನ್ನೂ ಕಾಣಿಸತಕ್ಕದ್ದೆಂಬ ವಿಧಿ ಪ್ರಾಚೀನಕಾಲದಿಂದಲೇ ಬಂದಿದೆ. ಆದರ್ಶ ಒಂದಾಗಿದ್ದರೂ ಶಾಸ್ತ್ರವು ಲೋಕದ ಬಳಕೆಗೆ ಮನ್ನಣೆ ಕೊಟ್ಟಿತೆಂಬುದು ಇದರಿಂದ ಸ್ಪಷ್ಟ.

ಮಧ್ಯಯುಗದ ಯೂರೋಪಿನಲ್ಲಿ ಗಂಡುಮಗುವಿಗೆ ಎರಡು ಹೆಸರುಗಳಿರುವುದು ವಾಡಿಕೆಯಾಯಿತು. ಒಂದು 'ಪವಿತ್ರನಾಮ', ದೇವಾಲಯದಲ್ಲಿ ಧರ್ಮಗ್ರಂಥದ ಪಠನಕ್ಕೆ ಕರೆಯುವಾಗ, ವಿವಾಹಪತ್ರದಲ್ಲಿ, ಸಮಾಧಿಯ ಕಲ್ಲಿನ ಮೇಲೆ ಇದರ ಬಳಕೆ. ಇನ್ನೊಂದು 'ಕಿನ್ನುಯಿ', ಎಂದರೆ ಕರೆಯುವ ಹೆಸರು. ಸಂತೆಯಲ್ಲಿಯೂ ಕಚೇರಿಯಲ್ಲಿಯೂ ಇದೇ ನಡೆಯುವ ನಾಣ್ಯ. ಇವೆರಡರ ಸಂಬಂಧ ಮೂರು ಬಗೆಯಾಗಿತ್ತು. ಮೊದಲನೆಯದು ಧ್ವನಿಸಾಮ್ಯ: ಶ್ಲೋಮೊ ಎಂಬವನು ಸಲ್ಮಾನ್ ಆದುದು. ಎರಡನೆಯದು ಅರ್ಥಾನುವಾದ: ಆಶೀರ್ವದಿಸಲ್ಪಟ್ಟವನೆಂಬ ಅರ್ಥದ ಬಾರೂಕ್ ಎಂಬುದಕ್ಕೆ ಲ್ಯಾಟಿನ್ ಮೂಲದ ಬೆನೆಡಿಕ್ಟ್, ಜೀವನವೆಂಬ ಅರ್ಥದ ಹಯ್ಯೀಮ್ ಎಂಬುದಕ್ಕೆ ವೀಟ, ವಿದಾಲ್. ಮೂರನೆಯದು ಪುರಾಣಸ್ಮೃತಿ: ಬೈಬಲಿನಲ್ಲಿ ಯೆಹೂದನನ್ನು ಸಿಂಹಕ್ಕೂ ನಫ್ತಾಲಿಯನ್ನು ಜಿಂಕೆಗೂ ಹೋಲಿಸಿರುವುದರಿಂದ, ಯೆಹೂದ ಎಂಬವನು ಜರ್ಮನ್ ನೆರೆಯವರ ಬಾಯಲ್ಲಿ 'ಲೋಯ್ಬ್' ಎಂದೂ ನಫ್ತಾಲಿ 'ಹಿರ್ಷ್' ಎಂದೂ ಕರೆಯಿಸಿಕೊಂಡರು.

ಅರಬ್ಬೀ ಮಾತಾಡುವ ನಾಡುಗಳಲ್ಲಿ ತೊಡಕು ಕಡಿಮೆ. ಹೀಬ್ರೂ, ಅರಬ್ಬಿಗಳು ಸೋದರಭಾಷೆಗಳು; ಹೆತ್, ಅಯಿನ್‌ಗಳು ಎರಡರಲ್ಲಿಯೂ ಉಂಟು. ಅಲ್ಲದೆ ಇಬ್ರಾಹಿಂ, ಮೂಸಾ, ಯೂಸುಫ್, ಸುಲೈಮಾನ್ ಎಂಬ ಹೆಸರುಗಳು ಮುಸಲ್ಮಾನರಿಗೂ ಪೂಜ್ಯವಾದುವು. ಕೊರ್ದೋಬದಲ್ಲಿ ಜನಿಸಿದ ಮಹಾದಾರ್ಶನಿಕ ಮೋಶೆ ಬೆನ್ ಮೈಮೋನ್ ಅರಬ್ಬಿಯಲ್ಲಿ ಮೂಸಾ ಇಬ್ನ್ ಮೈಮೂನ್ ಆಗುವುದಕ್ಕೆ ಪ್ರಯಾಸವೇ ಬೇಕಾಗಲಿಲ್ಲ.

ಈ ಅರಬ್ಬೀಭಾಷಿಕ ಯೆಹೂದ್ಯ ವರ್ತಕರ ಮೂಲಕವೇ ನಮ್ಮ ಕರಾವಳಿ ಈ ಇತಿಹಾಸದಲ್ಲಿ ಪ್ರವೇಶಿಸುತ್ತದೆ. ಹಳೆಯ ಕೈರೋವಿನ ಬೆನ್ ಎಜ್ರಾ ದೇವಾಲಯದ ಗೆನಿಜಾ ಎಂಬ ಕೋಣೆಯಲ್ಲಿ ದೊರೆತ ಪತ್ರಗಳನ್ನು ಎಸ್. ಡಿ. ಗೋಯ್ಟೈನ್ ಅವರು ದಶಕಗಳ ಕಾಲ ಪರಿಶೋಧಿಸಿದರು. ಅವುಗಳಿಂದ, ಅಬ್ರಹಾಂ ಬೆನ್ ಯಿಜೂ ಎಂಬ ಟ್ಯುನೀಸಿಯ ಮೂಲದ ವರ್ತಕನು ೧೨ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದನೆಂದು ತಿಳಿದುಬಂದಿದೆ. ೧೧೩೨ನೆಯ ಅಕ್ಟೋಬರ್ ೧೭ರಂದು ಆತ ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ವಿಮೋಚನಪತ್ರವನ್ನು ಬರೆದುಕೊಟ್ಟನು. ಆಕೆಗೆ ಅಂದು ದೊರೆತ ಹೊಸ ಹೆಸರು 'ಬೆರಾಖಾ', ಹೀಬ್ರೂವಿನಲ್ಲಿ ಆಶೀರ್ವಾದವೆಂದರ್ಥ. ಆಕೆಯೇ ಅವನ ಮಕ್ಕಳ ತಾಯಿಯೆಂದು ವಿದ್ವಾಂಸರು ಭಾವಿಸುತ್ತಾರೆ. ಆ ಮಕ್ಕಳಿಗಾದರೋ ಸುರೂರ್, ಸಿತ್ ಅಲ್-ದಾರ್ ಎಂಬ ಅರಬ್ಬೀ ಹೆಸರುಗಳಿದ್ದುವು. ಒಂದೇ ಮನೆಯಲ್ಲಿ ತಂದೆಯ ಹೆಸರು ಹೀಬ್ರೂ, ತಾಯಿಯದು ಹುಟ್ಟಿನಿಂದ ಈ ನಾಡಿನದು ಮತ್ತು ಅನಂತರ ಹೀಬ್ರೂ, ಮಕ್ಕಳದು ಅರಬ್ಬಿ.

ಈ ಪತ್ರಗಳಲ್ಲಿಯೇ ಪ್ರಕೃತ ಸಮಸ್ಯೆಯ ಮರುಮುಖವೂ ಕಾಣಿಸುತ್ತದೆ. ಬೆನ್ ಯಿಜೂವಿನ ಸೇವಕನೊಬ್ಬನ ಹೆಸರು ಹೀಬ್ರೂ ಲಿಪಿಯಲ್ಲಿ ಬ್-ಮ್-ಹ್ ಎಂಬ ಮೂರು ಅಕ್ಷರಗಳಲ್ಲಿ ಬರೆಯಲ್ಪಟ್ಟಿದೆ. ಸ್ವರಚಿಹ್ನೆಗಳಿಲ್ಲದ ಕಾರಣ ಅದನ್ನು ಹೇಗೆ ಓದಬೇಕೆಂಬುದು ಸಂದಿಗ್ಧವಾಗಿತ್ತು. 'ಬಾಮಾ' ಎಂಬ ಓದು ಮೊದಲು ಪ್ರಚಾರದಲ್ಲಿತ್ತು. ಅಮಿತಾವ್ ಘೋಷ್ ಅವರು ಮಂಗಳೂರಿನ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರೊಡನೆ ಸಮಾಲೋಚಿಸಿ, ಅದು ತುಳುನಾಡಿನ 'ಬೊಮ್ಮ' ಎಂಬ ಹೆಸರೆಂದು ನಿರ್ಣಯಿಸಿದರು. ೧೯೯೨ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಈ ವಿಚಾರ ಬಂದಿದೆ. ಹೀಬ್ರೂ ಹೆಸರುಗಳನ್ನು ಗ್ರೀಕರು ಬದಲಿಸಿದಂತೆ, ಹೀಬ್ರೂ ಅಕ್ಷರಗಳೂ ನಮ್ಮವನೊಬ್ಬನ ಹೆಸರನ್ನು ಎಂಟು ಶತಮಾನಗಳ ಕಾಲ ಅಸ್ಪಷ್ಟವಾಗಿಟ್ಟಿದ್ದುವು. ಆತನ ಊರಿನ ನುಡಿಯನ್ನು ಬಲ್ಲವರು ಸಿಕ್ಕಿದಾಗಲೇ ಅದು ಬಿಡಿಸಿತು.

೫

ಭಾರತದೊಳಗೆ ಹೀಬ್ರೂ ಹೆಸರುಗಳು ತದ್ಭವಗೊಂಡ ಬಗೆಗೆ ಕೊಂಕಣ ತೀರದ ಬೆನೆ ಇಸ್ರೇಲ್ ಜನಾಂಗ ಉತ್ತಮ ನಿದರ್ಶನ. ಮರಾಠಿಯನ್ನು ಮಾತೃಭಾಷೆಯಾಗಿ ಪಡೆದು, ಎಣ್ಣೆ ತೆಗೆಯುವ ಕಸುಬನ್ನು ಅವಲಂಬಿಸಿ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎಂದು ಕರೆಯಿಸಿಕೊಂಡ ಈ ಜನರ ಹೆಸರುಗಳು ನೆರೆಯವರ ಹೆಸರುಗಳ ಅಚ್ಚಿನಲ್ಲಿಯೇ ಎರಕವಾದುವು. ಅಬ್ರಹಾಮ ಅಬಾಜಿಯಾದನು, ಸಮುವೇಲ ಸಾಮಾಜಿಯಾದನು, ಬೆನ್ಯಾಮೀನ ಬೆನಾಜಿಯಾದನು, ಯೆಹೆಜ್ಕೇಲ ಹಸಾಜಿಯಾದನು. ಊರಿನ ಹೆಸರಿಗೆ 'ಕರ' ಪ್ರತ್ಯಯ ಸೇರಿ ದಿವೇಕರ, ಪೆಣಕರ, ಕೆಹಿಮಕರ ಎಂಬ ಮನೆತನದ ಹೆಸರುಗಳಾದುವು. ಅಪರಿಚಿತನಿಗೆ ಸಾಮಾಜಿ ಹಸಾಜಿ ದಿವೇಕರ ಎಂಬ ಹೆಸರಿನಲ್ಲಿ ಬೈಬಲಿನ ಇಬ್ಬರು ಪ್ರವಾದಿಗಳು ಅಡಗಿರುವುದು ತಿಳಿಯಲಾರದು.

ಈ ದಿವೇಕರನ ವೃತ್ತಾಂತ ಮೈಸೂರು ಇತಿಹಾಸದೊಡನೆ ಹೆಣೆದುಕೊಂಡಿದೆ. ಮುಂಬಯಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಆತ ಎರಡನೆಯ ಮೈಸೂರು ಯುದ್ಧದಲ್ಲಿ ಟೀಪೂ ಸುಲ್ತಾನನಿಗೆ ಸೆರೆಸಿಕ್ಕನು. ಬೆನೆ ಇಸ್ರೇಲರ ಪರಂಪರಾಗತ ಕಥನದಂತೆ, ಯಾವ ಜನಾಂಗದವನೆಂದು ಕೇಳಿದಾಗ ತಾನು 'ಬನಿ ಇಸ್ರಾಯಿಲ್' ಎಂದು ಆತ ಉತ್ತರಿಸಿದನು. ಕುರಾನಿನಲ್ಲಿ ಬರುವ ಆ ಹೆಸರನ್ನು ಅರಿತಿದ್ದ ಸುಲ್ತಾನನ ತಾಯಿ, ಅವರ ಪ್ರಾಣ ಉಳಿಸಬೇಕೆಂದು ಕೇಳಿಕೊಂಡಳಂತೆ. ಬಿಡುಗಡೆ ಹೊಂದಿದ ದಿವೇಕರನು ೧೭೯೬ರಲ್ಲಿ ಮುಂಬಯಿಯಲ್ಲಿ 'ಕರುಣೆಯ ದ್ವಾರ' ಎಂಬರ್ಥದ ಹೆಸರಿನ ದೇವಾಲಯವನ್ನು ಕಟ್ಟಿಸಿದನು. ದೇವಾಲಯ ಚಾರಿತ್ರಿಕ ಸತ್ಯ; ಸೆರೆಮನೆಯ ಸಂವಾದ ಜನಾಂಗದ ನೆನಪು. ಆದರೂ ಆ ನೆನಪು ಉಳಿಸಿಕೊಂಡಿರುವ ತಿಳಿವಳಿಕೆ ಉಪೇಕ್ಷಣೀಯವಲ್ಲ: ಕೇಳಿದವರ ಕಿವಿಗೆ ಪರಿಚಿತವಾದ ಒಂದು ಹೆಸರು ಸೆರೆಯಾಳುಗಳಿಗೆ ಅಭಯವಾಯಿತು.

೧೯ನೆಯ ಶತಮಾನದಲ್ಲಿ ಮರಾಠಿ ಬೈಬಲ್, ಮಿಷನ್ ಶಾಲೆಗಳು, ಇಂಗ್ಲಿಷ್ ವಿದ್ಯಾಭ್ಯಾಸ ಇವುಗಳ ಪ್ರಭಾವದಿಂದ ಬೆನೆ ಇಸ್ರೇಲರು ಬೈಬಲಿನ ರೂಪಗಳಿಗೆ ಮರಳಿದರು. ಸಾಮಾಜಿಯ ಮನೆಯಲ್ಲಿ ಮತ್ತೆ ಸ್ಯಾಮ್ಯುಯೆಲ್ ಹುಟ್ಟಿದನು. ಹೀಬ್ರೂವಿನ 'ಶ್ಮುಏಲ್' ಹುಟ್ಟಲಿಲ್ಲ. ಮೂಲಕ್ಕೆ ಮರಳುವ ದಾರಿಯೂ ಇನ್ನೊಂದು ಪರಭಾಷೆಯ ಮೂಲಕವೇ ಹಾದುಹೋಯಿತು. ಇಂಗ್ಲಿಷ್ ಕವಿ ನಿಸ್ಸೀಮ್ ಎಜೆಕಿಯೆಲ್ (೧೯೨೪–೨೦೦೪) ಈ ಜನಾಂಗದವರು. ಅವರ ಹೆಸರಿನ ಪೂರ್ವಾರ್ಧ ಹೀಬ್ರೂವಿನಲ್ಲಿ ಅದ್ಭುತಗಳೆಂಬ ಅರ್ಥವುಳ್ಳದ್ದು. ಭಾರತದ ಯಾವ ಭಾಷಿಕನಿಗೂ ಅದನ್ನು ಉಚ್ಚರಿಸುವುದು ಕಷ್ಟವಲ್ಲ. ಉತ್ತರಾರ್ಧವಾದರೋ ಹಿಂದಿನ ಹಸಾಜಿಯೇ.

೬

ಇದುವರೆಗೆ ವಿವರಿಸಿದ ಮಾರ್ಪಾಡುಗಳೆಲ್ಲ ಬಹುಮಟ್ಟಿಗೆ ಜನರು ತಾವೇ ಮಾಡಿಕೊಂಡವು, ಇಲ್ಲವೆ ಬಳಕೆಯಿಂದ ತಾವಾಗಿ ಆದವು. ೧೮ನೆಯ ಶತಮಾನದ ಕೊನೆಯಿಂದ ಪ್ರಭುತ್ವವು ಈ ಕ್ಷೇತ್ರದಲ್ಲಿ ಕೈಹಾಕಿತು. ಆಸ್ಟ್ರಿಯದ ಚಕ್ರವರ್ತಿ ಎರಡನೆಯ ಜೋಸೆಫನು ೧೭೮೭ರಲ್ಲಿ ಹೊರಡಿಸಿದ ಶಾಸನದಂತೆ ಯೆಹೂದ್ಯರು ಸ್ಥಿರವಾದ ಜರ್ಮನ್ ಕುಲನಾಮಗಳನ್ನು ಧರಿಸಬೇಕಾಯಿತು. ನೆಪೋಲಿಯನ್ನನ ಆಜ್ಞೆ ೧೮೦೮ರಲ್ಲಿಯೂ ಪ್ರಷ್ಯದ ಶಾಸನ ೧೮೧೨ರಲ್ಲಿಯೂ ಬಂದುವು. ಇಂಥವನ ಮಗ ಇಂಥವನೆಂದು ಹೇಳುವ ಹಳೆಯ ಪದ್ಧತಿ ತೆರಿಗೆಯ ಕಚೇರಿಗೂ ಸೈನ್ಯದ ದಾಖಲೆಗೂ ಅನುಕೂಲವಾಗಿರಲಿಲ್ಲ. ಈಗ ಹೆಸರನ್ನು ಸರಿಯಾಗಿ ನುಡಿಯಬೇಕಾದವನು ನೆರೆಯವನಲ್ಲ, ಗುಮಾಸ್ತ.

ಕೆಲಕಾಲದಲ್ಲಿಯೇ ಪ್ರಭುತ್ವದ ಧೋರಣೆ ವಿರುದ್ಧದಿಕ್ಕಿಗೆ ತಿರುಗಿತು. ೧೮೩೬ರಲ್ಲಿ ಪ್ರಷ್ಯದ ಅರಸನು ಯೆಹೂದ್ಯರು ಕ್ರೈಸ್ತರ ಹೆಸರುಗಳನ್ನು ಇಟ್ಟುಕೊಳ್ಳಕೂಡದೆಂದು ಆಜ್ಞಾಪಿಸಿದನು. ಬರ್ಲಿನ್ನಿನ ಯೆಹೂದ್ಯ ಸಂಘವು ಲಿಯೋಪೋಲ್ಡ್ ಝುಂಝ್ (೧೭೯೪–೧೮೮೬) ಎಂಬ ವಿದ್ವಾಂಸನನ್ನು ಈ ವಿಷಯದಲ್ಲಿ ಒಂದು ಗ್ರಂಥ ಬರೆಯುವಂತೆ ಕೇಳಿಕೊಂಡಿತು. ೧೮೩೭ರಲ್ಲಿ ಪ್ರಕಟವಾದ 'ಯೆಹೂದ್ಯರ ಹೆಸರುಗಳು' ಎಂಬ ಆ ಜರ್ಮನ್ ಕೃತಿ ನಾಮಶಾಸ್ತ್ರದಲ್ಲಿ ಮೈಲಿಗಲ್ಲೆನ್ನಬಹುದಾದುದು. ಬ್ಯಾಬಿಲೋನಿನ ಕಾಲದಿಂದ ಯೆಹೂದ್ಯರು ಸುತ್ತಲಿನ ಜನರ ಹೆಸರುಗಳನ್ನು ಧರಿಸುತ್ತಲೇ ಬಂದಿದ್ದಾರೆಂದೂ, ಕೇವಲ ಯೆಹೂದ್ಯರಿಗೇ ಸೇರಿದ, ಕೇವಲ ಕ್ರೈಸ್ತರಿಗೇ ಸೇರಿದ ಹೆಸರುಗಳೆಂಬ ವಿಭಾಗವೇ ಇತಿಹಾಸಕ್ಕೆ ಹೊಂದದೆಂದೂ ಆತ ಪ್ರಮಾಣಸಹಿತವಾಗಿ ತೋರಿಸಿದನು. ವಿದ್ವತ್ತು ರಾಜಾಜ್ಞೆಗೆ ಕೊಟ್ಟ ಉತ್ತರವೆಂದು ಈ ಗ್ರಂಥ ನಮ್ಮ ವಿದ್ಯಾರ್ಥಿಗಳ ಲಕ್ಷ್ಯಕ್ಕೆ ಅರ್ಹವಾಗಿದೆ.

ಆದರೆ ಆ ಉತ್ತರದಿಂದ ವಾದ ಮುಗಿಯಲಿಲ್ಲ. ಒಂದು ಶತಮಾನಕ್ಕಿಂತ ತುಸು ಹೆಚ್ಚಿನ ಕಾಲದ ಅನಂತರ, ೧೯೩೮ನೆಯ ಆಗಸ್ಟ್ ೧೭ರಂದು, ನಾಟ್ಸಿ ಸರ್ಕಾರ ಯೆಹೂದ್ಯರಿಗೆ ಅನುಮತವಾದ ಹೆಸರುಗಳ ಪಟ್ಟಿಯನ್ನು ಅವಲಂಬಿಸಿದ ಶಾಸನವೊಂದನ್ನು ಹೊರಡಿಸಿತು. ಆ ಪಟ್ಟಿಯಲ್ಲಿಲ್ಲದ ಹೆಸರುಳ್ಳ ಗಂಡಸರು ೧೯೩೯ನೆಯ ಜನವರಿ ೧ರಿಂದ 'ಇಸ್ರಾಯೇಲ್' ಎಂದೂ ಹೆಂಗಸರು 'ಸಾರಾ' ಎಂದೂ ಹೆಚ್ಚಿನ ಹೆಸರನ್ನು ಸೇರಿಸಿಕೊಳ್ಳಬೇಕಾಯಿತು. ತಲೆಮಾರುಗಳಿಂದ ಜರ್ಮನ್ನರ ಬಾಯಿಗೆ ಹಿತವಾಗುವಂತೆ ಮಕ್ಕಳಿಗೆ ಹೆಸರಿಟ್ಟಿದ್ದ ಕುಟುಂಬಗಳಿಗೆ ಈ ಶಾಸನ ಏನು ತಿಳಿಸಿತೆಂಬುದು ಸ್ಪಷ್ಟ: ನಿಮ್ಮ ಹೆಸರು ನಮಗೆ ಪರಿಚಿತವಾಗಿರುವುದೇ ನಿಮ್ಮ ಅಪರಾಧ. ಸಾರಾ ಎಂಬುದು ಬೈಬಲಿನ ಮಹಾಮಾತೆಯ ಹೆಸರು. ಇಸ್ರಾಯೇಲ್ ಎಂಬುದು ಶ್ರೀರಂಗಪಟ್ಟಣದ ಸೆರೆಯಾಳುಗಳನ್ನು ಕಾಪಾಡಿತೆಂದು ಕಥೆ ಹೇಳುವ ಅದೇ ಹೆಸರು. ಶಬ್ದದಲ್ಲಿ ಕುಂದಿಲ್ಲ. ಅದನ್ನು ಯಾರು, ಯಾರ ಮೇಲೆ, ಯಾವ ಉದ್ದೇಶದಿಂದ ಇಡುತ್ತಾರೆಂಬುದರಲ್ಲಿ ಎಲ್ಲ ವ್ಯತ್ಯಾಸವೂ ಅಡಗಿದೆ.

೭

ಅಮೆರಿಕಕ್ಕೆ ವಲಸೆ ಹೋದವರ ಅನುಭವ ಬೇರೊಂದು ಬಗೆಯದು. ಎಲ್ಲಿಸ್ ದ್ವೀಪದ ಅಧಿಕಾರಿಗಳು ವಲಸೆಗಾರರ ಹೆಸರುಗಳನ್ನು ಮನಬಂದಂತೆ ಬದಲಿಸಿದರೆಂಬ ಪ್ರತೀತಿ ವ್ಯಾಪಕವಾಗಿದ್ದರೂ ಆಧಾರವಿಲ್ಲದ್ದು. ಅಲ್ಲಿಯವರು ಹಡಗಿನ ಪಟ್ಟಿಯನ್ನು ಅನುಸರಿಸುತ್ತಿದ್ದರು. ಬದಲಾವಣೆ ಮಾಡಿಕೊಂಡವರು ಅನಂತರ ವಲಸೆಗಾರರೂ ಅವರ ಮಕ್ಕಳೂ ತಾವೇ, ಉದ್ಯೋಗಕ್ಕಾಗಿ, ಕಾಲೇಜು ಪ್ರವೇಶಕ್ಕಾಗಿ. ಮೋಶೆ ಮಾರಿಸ್ ಆದನು. ಇಸ್ರಾಯೇಲ್, ಯಿತ್ಸ್‌ಹಾಕ್‌ಗಳು ಇರ್ವಿಂಗ್, ಇಸಿಡೋರ್ ಆದರು. ಇರ್ವಿಂಗ್, ಮಿಲ್ಟನ್, ಸಿಡ್ನಿ ಎಂಬುವು ಅಚ್ಚ ಇಂಗ್ಲಿಷ್ ಹೆಸರುಗಳೆಂದೇ ತಂದೆತಾಯಿಗಳು ಆರಿಸಿಕೊಂಡರು. ಎಲ್ಲರೂ ಅವನ್ನೇ ಆರಿಸಿಕೊಂಡುದರಿಂದ ಅಮೆರಿಕದಲ್ಲಿ ಅವು ಯೆಹೂದ್ಯರ ಹೆಸರುಗಳೆಂದೇ ಪ್ರಸಿದ್ಧವಾದುವು. ಪರರ ಉಚ್ಚಾರಣೆಗೆ ಹೊಂದಿಕೊಂಡ ಮಾತ್ರಕ್ಕೆ ಪರರ ಗುರುತಿಸುವಿಕೆಯಿಂದ ಬಿಡುಗಡೆಯಿಲ್ಲವೆಂಬ ಪಾಠವನ್ನು ಇದು ಕಲಿಸುತ್ತದೆ.

ಇತ್ತ ಪ್ಯಾಲೆಸ್ತೀನಿನಲ್ಲಿ ಹೀಬ್ರೂ ಮತ್ತೆ ಆಡುನುಡಿಯಾಗುತ್ತಿದ್ದಂತೆ ಪ್ರವಾಹ ಹಿಂದಿರುಗಿತು. ೧೮೮೧ರಲ್ಲಿ ಜೆರೂಸಲೇಮಿಗೆ ಬಂದ ಎಲಿಯೆಜರ್ ಪೆರ್ಲ್‌ಮನ್ ತನ್ನನ್ನು ಬೆನ್ ಯೆಹೂದ ಎಂದು ಕರೆದುಕೊಂಡನು. ದಾವಿದ್ ಗ್ರ್ಯೂನ್ ೧೯೧೦ರಲ್ಲಿ ಬೆನ್ ಗುರಿಯೋನ್ ಆದನು. ೧೯೪೮ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಬಳಿಕ, ರಾಷ್ಟ್ರದ ಪ್ರತಿನಿಧಿಗಳಾಗಿ ಹೊರನಾಡಿಗೆ ಹೋಗುವವರಿಗೆ ಹೀಬ್ರೂ ಹೆಸರಿರಬೇಕೆಂದು ಬೆನ್ ಗುರಿಯೋನ್ ಒತ್ತಾಯಪಡಿಸಿದರು. ಗೋಲ್ಡಾ ಮೆಯರ್ಸನ್ ೧೯೫೬ರಲ್ಲಿ ವಿದೇಶಾಂಗ ಸಚಿವೆಯಾದಾಗ ಗೋಲ್ಡಾ ಮೆಯೀರ್ ಆದರು. ಪರರಿಗೆ ಸುಲಭವಾದ ಹೆಸರನ್ನು ತೊರೆದು ಪರರು ಕಲಿಯಲೇಬೇಕಾದ ಹೆಸರನ್ನು ಧರಿಸುವುದು ಸ್ವಾತಂತ್ರ್ಯದ ಒಂದು ಲಕ್ಷಣವೆಂದು ಆ ಪೀಳಿಗೆ ಭಾವಿಸಿತು. ಆದರೆ ಯೆಮೆನ್, ಇರಾಕ್, ಮೊರೊಕ್ಕೊಗಳಿಂದ ಬಂದ ಮಕ್ಕಳ ಅರಬ್ಬೀ ಹೆಸರುಗಳನ್ನು ಶಾಲೆಗಳಲ್ಲಿ ಹೀಬ್ರೂಗೆ ಬದಲಿಸಿದ ಸಂದರ್ಭಗಳೂ ಆಗ ನಡೆದುವೆಂಬುದನ್ನು ಮರೆಯಲಾಗದು. ಹೆಸರನ್ನು ಕಳೆದುಕೊಂಡ ದುಃಖವನ್ನು ಬಲ್ಲವರೂ ಇನ್ನೊಬ್ಬರ ಹೆಸರನ್ನು ಕಳೆಯಬಲ್ಲರು.

ಆ ಪೀಳಿಗೆಯ ಮೊಮ್ಮಕ್ಕಳ ಕಾಲದಲ್ಲಿ ಆಯ್ಕೆಯ ನಾಲ್ಕನೆಯ ಮಾರ್ಗವೊಂದು ಪ್ರಚಾರಕ್ಕೆ ಬಂದಿತು. ಹೆಸರನ್ನು ತಿರುಚುವುದೂ ಇಲ್ಲ, ಅನುವಾದಿಸುವುದೂ ಇಲ್ಲ, ಎರಡಾಗಿಸುವುದೂ ಇಲ್ಲ. ಹೀಬ್ರೂವಿನಲ್ಲಿ ಅರ್ಥವುಳ್ಳದ್ದೂ ಇಂಗ್ಲಿಷ್ ಮೊದಲಾದ ನುಡಿಗಳಲ್ಲಿ ಆಗಲೇ ಹೆಸರಾಗಿರುವುದೂ ಆದ ಕಿರಿದಾದ ಶಬ್ದವನ್ನು ಆರಿಸುವುದು. 'ತೋಮ್' ಎಂದರೆ ಹೀಬ್ರೂವಿನಲ್ಲಿ ಮುಗ್ಧತೆ. ಇಂಗ್ಲಿಷಿನವನು ಅದನ್ನು ಟಾಮ್ ಎಂದು ಓದುತ್ತಾನೆ. 'ಗೈ' ಎಂದರೆ ಕಣಿವೆ. 'ಕೆರೆನ್' ಎಂದರೆ ಕಿರಣ. 'ರೋಯಿ' ಎಂದರೆ ನನ್ನ ಕುರುಬ. 'ಶಿರ್ಲಿ' ಎಂದರೆ ನನಗೆ ಹಾಡುಂಟು. ನಮ್ಮವರಿಗೆ ಪರಿಚಿತವಾದ 'ಮಾಯಾ' ಎಂಬ ಹೆಸರನ್ನು ನೀರೆಂಬ ಅರ್ಥದ 'ಮಯಿಮ್' ಶಬ್ದದೊಡನೆ ಜೋಡಿಸುವವರೂ ಉಂಟು. ಹೆತ್, ಅಯಿನ್, ತ್ಸಾದೆಗಳು ಈ ಹೆಸರುಗಳಲ್ಲಿ ಅಪೂರ್ವ.

ಈ ಮಾರ್ಗವೂ ನಿಷ್ಕಂಟಕವಲ್ಲ. 'ನೋಆ' ಎಂಬುದು ಬೈಬಲಿನಲ್ಲಿ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಮೋಶೆಯ ಮುಂದೆ ಮಂಡಿಸಿದ ಐವರು ಸೋದರಿಯರಲ್ಲಿ ಒಬ್ಬಳ ಹೆಸರು. ಅದರಲ್ಲಿ ಅಯಿನ್ ಇದೆ. ನಾವೆಯನ್ನು ಕಟ್ಟಿದ ಮೂಲಪುರುಷನ ಹೆಸರು 'ನೋಅಹ್'; ಅದರ ಕೊನೆಗೆ ಹೆತ್ ಇದೆ. ಕನ್ನಡ ಬೈಬಲ್ ಅವನನ್ನು ನೋಹ ಎಂದು ಕರೆದು ಹಕಾರವನ್ನು ಉಳಿಸಿಕೊಂಡಿದೆ. ಇಂಗ್ಲಿಷಿನ ಉಚ್ಚಾರಣೆಯಲ್ಲಾದರೋ ಇವೆರಡೂ ಒಂದೇ ಆಗಿ, ಹುಡುಗಿಯನ್ನು ಹುಡುಗನೆಂದು ಭ್ರಮಿಸುವುದಕ್ಕೆ ಅವಕಾಶವಾಗುತ್ತದೆ. ನಿಮ್ರೋದ್ ಎಂಬುದು ಬೈಬಲಿನ ಬೇಟೆಗಾರ ವೀರನ ಹೆಸರು, ಉಚ್ಚಾರಣೆಗೆ ಸುಲಭ. ಆದರೆ ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಮಂಕನೆಂಬ ಅರ್ಥ ಅಂಟಿಕೊಂಡಿದೆ. ಸರಿಯಾಗಿ ಉಚ್ಚರಿಸಿದ ಮಾತ್ರಕ್ಕೆ ಸರಿಯಾಗಿ ಗ್ರಹಿಸಿದಂತಾಗುವುದಿಲ್ಲ.

೮

ಮೇಲಿನ ಸಮೀಕ್ಷೆಯಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಪರರು ನುಡಿಯಬಲ್ಲ ಹೆಸರನ್ನು ಅರಸುವುದು ಯೆಹೂದ್ಯ ಇತಿಹಾಸದಲ್ಲಿ ಅಪವಾದವಲ್ಲ, ಅವಿಚ್ಛಿನ್ನ ಪರಂಪರೆ. ಅದನ್ನು ಸ್ವಧರ್ಮತ್ಯಾಗವೆಂದು ಹಳಿಯುವವರಿಗೆ ಯನ್ನಾಯನ ನಾಣ್ಯವೂ ಝುಂಝನ ಗ್ರಂಥವೂ ಸಾಕಾದ ಸಮಾಧಾನ. ಎರಡನೆಯದಾಗಿ, ಇದಕ್ಕೆ ತದ್ಭವ, ಅನುವಾದ, ಜೋಡಿ ಹೆಸರು, ಉಭಯಸಾಧಾರಣ ಶಬ್ದದ ಆಯ್ಕೆ ಎಂಬ ನಾಲ್ಕು ಮಾರ್ಗಗಳು ಕಂಡುಬರುತ್ತವೆ. ತದ್ಭವದಲ್ಲಿ ಅರ್ಥ ಹೋಗುತ್ತದೆ; ಅನುವಾದದಲ್ಲಿ ಧ್ವನಿ ಹೋಗುತ್ತದೆ; ಜೋಡಿ ಹೆಸರಿನಲ್ಲಿ ಎರಡೂ ಉಳಿದು ವ್ಯಕ್ತಿ ಮನೆಯೊಳಗೊಬ್ಬನು, ಹೊರಗೊಬ್ಬನು ಆಗುತ್ತಾನೆ; ನಾಲ್ಕನೆಯದರಲ್ಲಿ ಆಯ್ಕೆಯ ಕ್ಷೇತ್ರವೇ ಕಿರಿದಾಗಿ, ಯಿತ್ಸ್‌ಹಾಕ್‌ನಂಥ ಹಳೆಯ ಹೆಸರುಗಳು ಹಿಂದೆ ಸರಿಯುತ್ತವೆ. ಮೂರನೆಯದಾಗಿ, ಈ ನಷ್ಟಗಳನ್ನು ಸಹನೀಯವಾಗಿ ಮಾಡಿದುದು ಆಯ್ಕೆಯ ಸ್ವಾತಂತ್ರ್ಯ. ಬೆರಾಖಾ ಎಂಬ ಹೆಸರು ಬಿಡುಗಡೆಯ ಪತ್ರದೊಡನೆ ಬಂದಿತು. ಸಾರಾ ಎಂಬುದು ೧೯೩೯ರಲ್ಲಿ ಬಂಧನದ ಮುನ್ಸೂಚನೆಯಾಗಿ ಬಂದಿತು.

ಇನ್ನೊಂದು ಮಾತು. ಇಷ್ಟು ಹೊತ್ತೂ ಹೆಸರಿಡುವವರ ಹೊಣೆಯನ್ನು ಕುರಿತು ಚರ್ಚಿಸಿದೆವು. ಕರೆಯುವವರಿಗೂ ಒಂದು ಹೊಣೆಯುಂಟು. ಬೊಮ್ಮನ ಹೆಸರನ್ನು ಸರಿಯಾಗಿ ಓದುವುದಕ್ಕೆ ಬೇಕಾದುದು ಆತನ ನಾಡಿನವರನ್ನು ಕೇಳುವ ತಾಳ್ಮೆ. ಪ್ರತಿವರ್ಷವೂ ನಮ್ಮ ಕಾಲೇಜುಗಳ ಹಾಜರಿಪುಸ್ತಕಗಳಲ್ಲಿ ನಮಗೆ ಪರಿಚಯವಿಲ್ಲದ ನಾಡುನುಡಿಗಳ ಹೆಸರುಗಳು ಬರುತ್ತವೆ. ಅವನ್ನು ಮೊದಲ ದಿನ ತಡವರಿಸಿ ಓದುವುದು ತಪ್ಪಲ್ಲ. ಹೇಗೆ ಕರೆಯಬೇಕೆಂದು ಆ ವಿದ್ಯಾರ್ಥಿಯನ್ನೇ ಕೇಳಿ ತಿಳಿದುಕೊಂಡರೆ, ಎರಡನೆಯ ದಿನ ತಡವರಿಸಬೇಕಾದುದಿಲ್ಲ.